ಯಾವ ಡಿಪೋದಿಂದ ಬರ್ತಾರೆ?

ಇಲ್ಲಿ ಬರೆದು ತುಂಬಾ ದಿನ ಆಯ್ತು. ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಆದರೆ ಹೋದ ವಾರ ಗೆಳೆಯನೊಬ್ಬ ಫೋನ್ ಮಾಡಿ, "ಮಗಾ, ಹಳೇ ಮೋಟಾರ್‌ಹೋಮ್ ತಗೊಂಡೆ. ರೋಡ್‌ಸೈಡ್ ಅಸಿಸ್ಟೆನ್ಸ್ ಯಾವ್ದು ಚೀಪು ಹೇಳು, ಹಾಕಿಸಿಬಿಡ್ತೀನಿ" ಅಂದ. ನನಗೆ ಸಿಟ್ಟು ಬಂತು. ಅವನ ಮೇಲಲ್ಲ. 2023ರಲ್ಲಿ ಇದೇ ಪ್ರಶ್ನೆಯನ್ನು ಇದೇ ಧಾಟಿಯಲ್ಲಿ ಕೇಳಿದ್ದ ನನ್ನ ಮೇಲೆ. ಅವನಿಗೆ ಅರ್ಧ ಗಂಟೆ ಬೈದೆ. ಬೈದದ್ದನ್ನೆಲ್ಲ ಸೇರಿಸಿ ಇಲ್ಲಿ ಹಾಕಿದರೆ ಇನ್ನೊಬ್ಬರಿಗಾದರೂ ಉಪಯೋಗಕ್ಕೆ ಬರಬಹುದು ಅನ್ನಿಸಿತು.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೋಟಾರ್‌ಹೋಮಿಗೆ ರೋಡ್‌ಸೈಡ್ ಪ್ಲಾನ್ ಆರಿಸುವಾಗ ಬೆಲೆ ನೋಡಬೇಡಿ, ನಕ್ಷತ್ರ ಎಣಿಸಬೇಡಿ, "ಅನ್‌ಲಿಮಿಟೆಡ್" ಅನ್ನೋ ಪದಕ್ಕೆ ಮರುಳಾಗಬೇಡಿ. ಯಾವುದನ್ನು ಕೊಡೋದಿಲ್ಲ ಅಂತ ಬರೆದಿದ್ದಾರೋ ಆ ಪುಟವನ್ನು ಮಾತ್ರ ಓದಿ. ಅದನ್ನು ಓದದೆ ಪ್ಲಾನ್ ಕೊಂಡವನ ಹತ್ತಿರ ಪ್ಲಾನ್ ಇಲ್ಲ. ಒಂದು ಫೋನ್ ನಂಬರ್ ಇದೆ, ಅಷ್ಟೆ.

ಬೆಂಗಳೂರಲ್ಲೋ ಧಾರವಾಡದಲ್ಲೋ ಕೂತು ಓದುತ್ತಿರುವವರಿಗೆ ಒಂದು ಮಾತು. ಮೋಟಾರ್‌ಹೋಮ್ ಅಂದರೆ ಮನೆಯನ್ನೇ ಬೆನ್ನ ಮೇಲೆ ಹೊತ್ತ ಗಾಡಿ. ಒಳಗೇ ಅಡುಗೆ ಕಟ್ಟೆ, ಫ್ರಿಡ್ಜು, ಹಾಸಿಗೆ, ಬಚ್ಚಲು. ಅಮೆರಿಕದಲ್ಲಿ ಇದನ್ನು ಮೂರು ಜಾತಿ ಮಾಡಿದ್ದಾರೆ. ಬಸ್ಸಿನ ಹಾಗೆ ದೊಡ್ಡದಾಗಿರುವುದು ಕ್ಲಾಸ್ ಎ, ವ್ಯಾನಿನೊಳಗೇ ಮನೆ ಮಾಡಿರುವುದು ಕ್ಲಾಸ್ ಬಿ, ವ್ಯಾನಿನ ಮೂತಿಗೆ ಹಿಂದಿನಿಂದ ಪೆಟ್ಟಿಗೆ ಕೂರಿಸಿರುವುದು ಕ್ಲಾಸ್ ಸಿ. ಅಪ್ಪ ಅಮ್ಮ ಊರಿನಿಂದ ಬರ್ತಾರೆ, ಅಮ್ಮನಿಗೆ ಹೊರಗಿನ ಊಟ ಆಗೋದಿಲ್ಲ, ಅಪ್ಪನಿಗೆ ಸಕ್ಕರೆ ಕಾಯಿಲೆ ಅಂತ ನಾನೂ ನನ್ನ ರೂಮ್‌ಮೇಟೂ ದುಡ್ಡು ಹಾಕಿ 2008ರ ಕ್ಲಾಸ್ ಸಿ ಒಂದನ್ನು ಕೊಂಡೆವು. 28 ಅಡಿ ಉದ್ದ, ಫೋರ್ಡ್ ಇ-450 ಚಾಸಿ, ಪೆಟ್ರೋಲ್ ಕುಡಿಯುವ ವಿ-10 ಇಂಜಿನ್. ಕಾರಿನ ಇನ್ಶೂರೆನ್ಸಿನ ಜೊತೆಗೇ ವರ್ಷಕ್ಕೆ ನಾಲ್ಕು ಕಾಸು ಕೊಟ್ಟು ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿಸಿದೆ. "ಮೋಟಾರ್‌ಹೋಮ್ ಕವರ್ ಆಗುತ್ತಾ?" ಅಂತ ಕೇಳಿದೆ. "ಆಗುತ್ತೆ" ಅಂದರು. ಸುಳ್ಳು ಹೇಳಲಿಲ್ಲ, ಪಾಪ. ಎಷ್ಟು ಆಗುತ್ತೆ ಅಂತ ನಾನು ಕೇಳಲಿಲ್ಲ.

ಜೂನ್‌ನಲ್ಲಿ ಯೂಟಾದ ಜಯಾನ್, ಬ್ರೈಸ್ ಎಲ್ಲಾ ನೋಡಿ, ಗ್ರೇಟ್ ಬೇಸಿನ್‌ನಲ್ಲಿ ಒಂದು ರಾತ್ರಿ ತಂಗಿ, ನೆವಾಡಾದ ಹೈವೇ 50 ಹಿಡಿದು ಕ್ಯಾಲಿಫೋರ್ನಿಯಾಕ್ಕೆ ವಾಪಸ್ ಬರುತ್ತಿದ್ದೆವು. ಲೈಫ್ ಪತ್ರಿಕೆ 1986ರಲ್ಲಿ ಈ ರಸ್ತೆಯನ್ನು ಅಮೆರಿಕದ ಅತ್ಯಂತ ಒಂಟಿ ರಸ್ತೆ ಅಂತ ಕರೆದಿತ್ತು. ನೆವಾಡಾದವರು ಬೇಜಾರು ಮಾಡಿಕೊಳ್ಳದೆ ಅದನ್ನೇ ಜಾಹೀರಾತು ಮಾಡಿಕೊಂಡರು. ಈಲಿ ಊರಿನಿಂದ ಯುರೀಕಾಕ್ಕೆ 77 ಮೈಲಿ. ನಡುವೆ ಒಂದು ಟೀ ಅಂಗಡಿ ಬೇಡ, ಒಂದು ಪೆಟ್ರೋಲ್ ಬಂಕ್ ಕೂಡ ಇಲ್ಲ. ಒಂದರ ಹಿಂದೊಂದು ಬೆಟ್ಟ ಹತ್ತಬೇಕು, ಇಳಿಯಬೇಕು. ಅದರಲ್ಲೊಂದರ ಹೆಸರು ಪ್ಯಾನ್‌ಕೇಕ್ ಸಮ್ಮಿಟ್. ಅಮ್ಮ "ದೋಸೆ ಗುಡ್ಡ" ಅಂತ ನಕ್ಕಿದ್ದರು. ಆ ದೋಸೆ ಗುಡ್ಡ ಹತ್ತುವಾಗಲೇ ಟೆಂಪರೇಚರ್ ಮುಳ್ಳು ಮೇಲೇರಿತು.

ಅಪ್ಪ ಕೆಎಸ್ಸಾರ್ಟಿಸಿಯಲ್ಲಿ ಮೆಕ್ಯಾನಿಕ್ ಆಗಿದ್ದವರು. 2019ರಲ್ಲಿ ರಿಟೈರ್ ಆದರು. ಬಾನೆಟ್ ಎತ್ತಿ, ಬಗ್ಗಿ ನೋಡಿ, ಎರಡು ನಿಮಿಷದಲ್ಲಿ ಹೇಳಿದರು. "ವಾಟರ್ ಪಂಪ್ ಹೋಯ್ತು ಕಣೋ. ಸ್ಟಾರ್ಟ್ ಮಾಡ್ಬೇಡ, ಹೆಡ್ಡು ಹೋಗುತ್ತೆ." ಸರಿ, ನನ್ನ ಹತ್ತಿರ ಪ್ಲಾನ್ ಇದೆಯಲ್ಲ! ಗುಡ್ಡದ ನೆತ್ತಿಯ ಹತ್ತಿರ ಒಂದು ಕಡ್ಡಿ ಸಿಗ್ನಲ್ ಸಿಕ್ಕಿತು. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ವರ್ಷ? 2008. ಕಂಪನಿ? ಫೋರ್ಡ್. ಮಾಡೆಲ್? ಇ-450. "ಟ್ರಕ್ ಕಳಿಸ್ತೀವಿ."

ಖುಷಿಯಿಂದ ಬಂದು ಹೇಳಿದೆ, ಬರ್ತಾರಂತೆ ಅಂತ. ಅಪ್ಪ ಕೈ ಒರೆಸಿಕೊಳ್ಳುತ್ತಾ ಕೇಳಿದ್ದು ಒಂದೇ ಪ್ರಶ್ನೆ.

"ಯಾವ ಡಿಪೋದಿಂದ ಬರ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮೆರಿಕದಲ್ಲಿ ಹಾಗೆಲ್ಲ ಇಲ್ಲಪ್ಪ, ಇವರದ್ದು ದೇಶವಿಡೀ ನೆಟ್‌ವರ್ಕ್ ಇದೆ ಅಂದೆ. ಅಪ್ಪ ಏನೂ ಹೇಳಲಿಲ್ಲ.

ಮೂರೂವರೆ ಗಂಟೆ ಆದ ಮೇಲೆ ಬಂದದ್ದು ಫ್ಲಾಟ್‌ಬೆಡ್. ಕಾರುಗಳನ್ನು ಬೆನ್ನ ಮೇಲೆ ಹಾಕಿಕೊಂಡು ಹೋಗುವ ಲಾರಿ. ಡ್ರೈವರ್ ಇಳಿದು ನಮ್ಮ ಗಾಡಿಯನ್ನು ಮೇಲಿಂದ ಕೆಳಗೆ ನೋಡಿದ. "ನನಗೆ ಫೋರ್ಡ್ ವ್ಯಾನ್ ಅಂತ ಹೇಳಿದ್ದರು" ಅಂದ. ತಪ್ಪು ಅವನದಲ್ಲ. ಫೋನಿನಲ್ಲಿದ್ದ ಹುಡುಗಿಯ ಪಟ್ಟಿಯಲ್ಲಿ ಇ-450 ಅಂದರೆ ಫೋರ್ಡ್ ವ್ಯಾನೇ. ಅದರ ಬೆನ್ನ ಮೇಲೆ ಒಂದು ಮನೆ ಇದೆ ಅಂತ ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ, ಇಂಜಿನಿಯರಿಂಗ್ ಓದಿದ್ದಕ್ಕಾದರೂ. ನಮ್ಮ ಗಾಡಿಯ ಎತ್ತರ 11 ಅಡಿಗೂ ಚೂರು ಹೆಚ್ಚು. ಫ್ಲಾಟ್‌ಬೆಡ್ಡಿನ ಹಲಗೆ ನೆಲದಿಂದ ಮೂರಡಿಗೂ ಮೇಲೆ. ಎರಡೂ ಸೇರಿದರೆ 14 ಅಡಿ ದಾಟುತ್ತದೆ. ನೆವಾಡಾದಲ್ಲಿ ರಸ್ತೆಯ ಮೇಲೆ ಗಾಡಿಯ ಎತ್ತರದ ಮಿತಿಯೇ 14 ಅಡಿ, ಪೂರ್ವದ ಅನೇಕ ರಾಜ್ಯಗಳಲ್ಲಿ ಇನ್ನೂ ಕಡಿಮೆ, ಹದಿಮೂರೂವರೆ. ಇನ್ನು ಉದ್ದ. ಹಲಗೆ 21-22 ಅಡಿ, ಗಾಡಿ 28 ಅಡಿ. ತೂಕ? ಪೂರ್ತಿ ತುಂಬಿದ ಇ-450 ಮೋಟಾರ್‌ಹೋಮ್ 14 ಸಾವಿರ ಪೌಂಡ್ ಆಸುಪಾಸು, ಅಂದರೆ ಆರು ಟನ್ನಿಗೂ ಹೆಚ್ಚು. ಸಾಮಾನ್ಯ ಫ್ಲಾಟ್‌ಬೆಡ್ ಅಷ್ಟು ಹೊರೋದಿಲ್ಲ. ಒಂದಲ್ಲ ಎರಡಲ್ಲ, ಮೂರು ಕಾರಣಕ್ಕೆ ಆ ಲಾರಿ ಅಲ್ಲಿಗೆ ಬರಲೇಬಾರದಿತ್ತು. ಬೇಕಾದದ್ದು ಬಸ್ಸು ಲಾರಿಗಳನ್ನು ಎಳೆಯುವ ದೊಡ್ಡ ರೆಕ್ಕರ್. ಅದೂ ಸುಮ್ಮನೆ ಮುಂದಿನ ಚಕ್ರ ಎತ್ತಿ ಎಳೆಯುವ ಹಾಗಿಲ್ಲ. ಇದು ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ, ಡ್ರೈವ್‌ಶಾಫ್ಟ್ ಬಿಚ್ಚದೆ ಎಳೆದರೆ ಗೇರ್‌ಬಾಕ್ಸ್ ಸುಟ್ಟುಹೋಗುತ್ತದೆ. ಹಿಂದೆ ಬಾಲ ಉದ್ದ, ಮೂತಿ ಎತ್ತಿದರೆ ಬಾಲ ನೆಲಕ್ಕೆ ಉಜ್ಜುತ್ತದೆ. ಇದೆಲ್ಲ ಗೊತ್ತಿರುವ ಮನುಷ್ಯ ಬೇಕು.

ಮತ್ತೆ ಫೋನ್. ಈ ಸಲ ಸತ್ಯ ಗೊತ್ತಾಯಿತು. ನನ್ನ ಪ್ಲಾನಿನಲ್ಲಿ ಮೋಟಾರ್‌ಹೋಮ್ ಕವರ್ ಆಗುತ್ತದೆ, ಒಂದು ಸಲಕ್ಕೆ 100 ಡಾಲರ್‌ವರೆಗೆ! ಉಳಿದದ್ದು ನನ್ನದು. ರೆಕ್ಕರ್ ಎಲ್ಕೋ ಕಡೆಯಿಂದ ಬರಬೇಕಿತ್ತು, ಬಂದಾಗ ರಾತ್ರಿ. ಈಲಿಗೆ ಎಳೆದುಕೊಂಡು ಹೋದದ್ದಕ್ಕೆ ಒಟ್ಟು ಬಿಲ್ 1,350 ಡಾಲರ್.

ದುಡ್ಡು ಹೋಯಿತು, ಹಾಳಾಗಲಿ. ನನಗೆ ಇವತ್ತಿಗೂ ಚುಚ್ಚುವುದು ಬೇರೆ. ಮೋಟಾರ್‌ಹೋಮಿನ ಫ್ರಿಡ್ಜು ಗ್ಯಾಸಿನಲ್ಲಿ ಓಡುತ್ತದೆ, ಇಂಜಿನ್ ನಿಂತರೂ ಪರವಾಗಿಲ್ಲ. ಆದರೆ ಅದು ಸರಿಯಾಗಿ ತಂಪಾಗಬೇಕಾದರೆ ಗಾಡಿ ಸಮತಟ್ಟಾಗಿ ನಿಂತಿರಬೇಕು. ನಾವು ನಿಂತಿದ್ದು ಗುಡ್ಡದ ಇಳಿಜಾರಿನಲ್ಲಿ, ಒಂದು ಕಡೆಗೆ ವಾಲಿಕೊಂಡು. ಅಪ್ಪನ ಒಂದು ತಿಂಗಳ ಇನ್ಸುಲಿನ್ ಆ ಫ್ರಿಡ್ಜಿನಲ್ಲಿತ್ತು. ಸಂಜೆ ಹೊತ್ತಿಗೆ ಒಳಗೆ ಕೈ ಇಟ್ಟರೆ ತಂಪೇ ಇಲ್ಲ. ಅಮ್ಮ ಒಂದು ಮಾತೂ ಆಡದೆ, ಫ್ರೀಜರಿನಲ್ಲಿ ಉಳಿದಿದ್ದ ಐಸನ್ನು ಬಟ್ಟೆಯಲ್ಲಿ ಸುತ್ತಿ, ಕಾಫಿ ಫ್ಲಾಸ್ಕಿಗೆ ಹಾಕಿ, ಸೀಸೆಗಳನ್ನು ಅದರೊಳಗೆ ಇಟ್ಟು ಮಡಿಲಲ್ಲಿ ಹಿಡಿದುಕೊಂಡು ಕೂತರು. ರೆಕ್ಕರ್ ಬರುವವರೆಗೂ ಕೆಳಗಿಡಲಿಲ್ಲ. ಇನ್ಸುಲಿನ್ ಉಳಿಯಿತು. ಆದರೆ ಅಪ್ಪ ಅಮ್ಮನನ್ನು ಅಲ್ಲಿ ಕೂರಿಸಿದ್ದು ವಾಟರ್ ಪಂಪ್ ಅಲ್ಲ. ನಾನು ಓದದೇ ಬಿಟ್ಟ ಎರಡು ಪುಟ.

ಇನ್ನು ನನ್ನ ವಾದಕ್ಕೆ ಬರುತ್ತೇನೆ.

ಅಪ್ಪನ ಪ್ರಶ್ನೆ ಹಳ್ಳಿಗನ ಪ್ರಶ್ನೆ ಅಲ್ಲ, ಇಡೀ ವ್ಯವಹಾರದ ಬುಡಕ್ಕೆ ಕೈ ಹಾಕುವ ಪ್ರಶ್ನೆ. ಶಿರಾಡಿ ಘಾಟಿಯಲ್ಲಿ ಬಸ್ಸು ಕೆಟ್ಟರೆ ಹತ್ತಿರದ ಡಿಪೋಗೆ ಸುದ್ದಿ ಹೋಗುತ್ತದೆ, ಅಲ್ಲಿಂದ ಮೆಕ್ಯಾನಿಕ್ ಬರುತ್ತಾನೆ. ಜನರನ್ನು ಹಿಂದೆ ಬರುವ ಬಸ್ಸಿಗೆ ಹತ್ತಿಸುತ್ತಾರೆ, ಟಿಕೆಟ್ ಅದೇ. ಬಸ್ಸೂ ಅವರದೇ, ಡಿಪೋನೂ ಅವರದೇ, ಬೈಸಿಕೊಳ್ಳುವವರೂ ಅವರೇ. ಇಲ್ಲಿಯ ರೋಡ್‌ಸೈಡ್ ಕಂಪನಿಗಳಲ್ಲಿ ಬಹುತೇಕರಿಗೆ ಸ್ವಂತ ಲಾರಿಗಳ ಪಡೆ ಇಲ್ಲ. ಅವರು ಮಧ್ಯವರ್ತಿಗಳು. ನೀವು ಫೋನ್ ಮಾಡಿದರೆ ಅವರು ಆ ಊರಿನ ಟೋಯಿಂಗ್‌ನವನಿಗೆ ಫೋನ್ ಮಾಡುತ್ತಾರೆ. ಅವನಿಗೆ ಕಂಪನಿ ಕೊಡುವ ರೇಟು ಗಿಟ್ಟಿದರೆ ಬರುತ್ತಾನೆ, ಇಲ್ಲದಿದ್ದರೆ ಬರೋದಿಲ್ಲ. "ದೇಶವಿಡೀ ನೆಟ್‌ವರ್ಕ್" ಅಂದರೆ ಇಷ್ಟೇ. ಹಾಗಾಗಿ ಮೊದಲ ಪ್ರಶ್ನೆ: ನಾನು ಹೋಗುವ ದಾರಿಯಲ್ಲಿ, ನನ್ನ ತೂಕದ ಗಾಡಿಯನ್ನು ಎಳೆಯುವವರು ನಿಮ್ಮ ಜೊತೆ ಒಪ್ಪಂದದಲ್ಲಿ ಇದ್ದಾರಾ? ಇಲ್ಲದಿದ್ದರೆ ನಾನೇ ಒಬ್ಬನನ್ನು ಕರೆಸಿ ಬಿಲ್ ಕಳಿಸಿದರೆ ಪೂರ್ತಿ ಕೊಡುತ್ತೀರಾ, ಮಿತಿ ಇದೆಯಾ?

ಎರಡನೆಯದು ಆ "ಅನ್‌ಲಿಮಿಟೆಡ್ ಟೋಯಿಂಗ್". ಜಾಹೀರಾತಿನಲ್ಲಿ ಅನ್‌ಲಿಮಿಟೆಡ್ ದಪ್ಪ ಅಕ್ಷರದಲ್ಲಿ, ಅದರ ಬಾಲ ಸಣ್ಣ ಅಕ್ಷರದಲ್ಲಿ: ಹತ್ತಿರದ ಅರ್ಹ ಸರ್ವಿಸ್ ಸೆಂಟರ್‌ವರೆಗೆ. ದೂರಕ್ಕೆ ಮಿತಿ ಇಲ್ಲ, ನಿಜ. ಆದರೆ ಎಲ್ಲಿಗೆ ಅಂತ ತೀರ್ಮಾನಿಸುವವರು ನೀವಲ್ಲ. ಅರ್ಹ ಅಂದರೆ ಯಾರು? ಮೋಟಾರ್‌ಹೋಮ್ ಡೀಲರ್‌ಗಳಲ್ಲಿ ಎಷ್ಟೋ ಜನ ಮನೆಯ ಭಾಗ ಮಾತ್ರ ನೋಡುತ್ತಾರೆ, ನಲ್ಲಿ, ಫ್ರಿಡ್ಜು, ಎಸಿ ಇತ್ಯಾದಿ. ಇಂಜಿನ್ ಮುಟ್ಟೋದಿಲ್ಲ. ಇಂಜಿನ್ ನೋಡುವ ಮಾಮೂಲಿ ಗ್ಯಾರೇಜಿನ ಬಾಗಿಲು 11 ಅಡಿ ಎತ್ತರದ ಗಾಡಿಗೆ ಸಾಲೋದಿಲ್ಲ, ಲಿಫ್ಟು ಆರು ಟನ್ ಎತ್ತೋದಿಲ್ಲ. ಹತ್ತಿರದ ಗ್ಯಾರೇಜಿನ ಬಾಗಿಲಲ್ಲಿ ಗಾಡಿಯನ್ನು ಬಿಟ್ಟು ಹೋದರೆ ಕಂಪನಿಯ ಕೆಲಸ ಮುಗಿಯಿತು. ಅಲ್ಲಿಂದ ಇನ್ನೊಂದು ಕಡೆಗೆ ಎಳೆಸಬೇಕಾದರೆ ಅದು ಎರಡನೇ ಟೋ, ನಿಮ್ಮ ಜೇಬಿನಿಂದ. ಅರ್ಹ ಅನ್ನೋದಕ್ಕೆ ಏನು ಅರ್ಥ ಬರೆದಿದ್ದಾರೆ, ಎರಡನೇ ಟೋ ಕೊಡುತ್ತಾರಾ ಅಂತ ನೋಡದೆ ಅನ್‌ಲಿಮಿಟೆಡ್‌ಗೆ ದುಡ್ಡು ಕೊಡಬೇಡಿ.

ಮೂರನೆಯದು ಕವರ್ ಆಗುವುದು ಮನುಷ್ಯನೋ ಗಾಡಿಯೋ ಅನ್ನುವುದು. 1902ರಲ್ಲಿ ಶುರುವಾದ ಎಎಎ ಸದಸ್ಯತ್ವ ಮನುಷ್ಯನಿಗೆ ಸೇರಿದ್ದು. ಗೆಳೆಯನ ಕಾರಿನಲ್ಲಿ ಕೂತಿದ್ದರೂ ನಡೆಯುತ್ತದೆ. ಇದನ್ನು ಕೇಳಿ ನಮ್ಮವರು "ಎಎಎ ಇದೆಯಲ್ಲ, ಸಾಕು" ಅಂದುಕೊಳ್ಳುತ್ತಾರೆ. ಸಾಲೋದಿಲ್ಲ. ಎಎಎ ಒಂದು ಸಂಸ್ಥೆಯೇ ಅಲ್ಲ, ಪ್ರಾದೇಶಿಕ ಕ್ಲಬ್‌ಗಳ ಒಕ್ಕೂಟ. ನಿಯಮ ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ. ಮಾಮೂಲಿ ಕಾರಿನ ಸದಸ್ಯತ್ವದಲ್ಲಿ ಮೋಟಾರ್‌ಹೋಮ್ ಎಳೆಯುತ್ತಾರೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಪ್ಲಸ್ ಅಥವಾ ಪ್ರೀಮಿಯರ್ ಹಂತಕ್ಕೆ ಹೋಗಿ, ಅದರ ಮೇಲೆ ಆರ್‌ವಿ ಅಂತ ಬೇರೆಯಾಗಿ ಸೇರಿಸಬೇಕು. ಮೋಟಾರ್‌ಹೋಮಿನವರಿಗೆಂದೇ ಇರುವ ಗುಡ್ ಸ್ಯಾಮ್ (1966ರಲ್ಲಿ ಶುರುವಾದದ್ದು), ಕೋಚ್-ನೆಟ್ ಥರದವರಿದ್ದಾರೆ. ಇವರಿಗೆ ಗಾಡಿ ಯಾವ ಜಾತಿಯದ್ದು, ಎಷ್ಟು ಭಾರದ್ದು ಅಂತ ಕೇಳುವ ಬುದ್ಧಿಯಾದರೂ ಇದೆ. ಕೋಚ್-ನೆಟ್‌ನಲ್ಲಿ ಫೋನಿನಲ್ಲೇ ಟೆಕ್ನೀಷಿಯನ್ ಸಿಗುತ್ತಾನೆ. ನನ್ನ ಅನುಭವದಲ್ಲಿ ಅರ್ಧ ತೊಂದರೆಗಳು ಫ್ಯೂಸು, ಬ್ಯಾಟರಿ ಸ್ವಿಚ್ಚು, ಗ್ಯಾಸ್ ವಾಲ್ವ್ ಇಷ್ಟರಲ್ಲೇ ಮುಗಿಯುತ್ತವೆ. ಹಾಗಂತ ಇವರೆಲ್ಲ ದೇವರು ಅಂತ ನಾನು ಹೇಳುತ್ತಿಲ್ಲ. ಇವರ ಪುಟಗಳನ್ನೂ ಹಾಗೇ ಕೆದಕಿ ಓದಿ. ನಾನು ಕಾರಿನ ಪಾಲಿಸಿಗೆ ಬಾಲದ ಹಾಗೆ ಅಂಟಿಸಿದ ಪ್ಲಾನನ್ನು ಬಿಟ್ಟು, ಮೋಟಾರ್‌ಹೋಮಿಗೆಂದೇ ಇರುವ ಒಂದನ್ನು ತೆಗೆದುಕೊಂಡೆ.

ಓದುವಾಗ ಇಷ್ಟನ್ನು ಬೆರಳಿಟ್ಟು ಹುಡುಕಿ:

- ಒಂದು ಸಲಕ್ಕೆ ಡಾಲರ್ ಮಿತಿ ಇದೆಯಾ? ತೂಕಕ್ಕೆ, ಉದ್ದಕ್ಕೆ, ಗಾಡಿಯ ವಯಸ್ಸಿಗೆ ಮಿತಿ ಇದೆಯಾ? ನಿಮ್ಮ ಗಾಡಿಯ ತೂಕದ ಮಿತಿ ಡ್ರೈವರ್ ಬಾಗಿಲ ಹತ್ತಿರದ ಫಲಕದಲ್ಲಿ ಬರೆದಿರುತ್ತದೆ.
- ಟೈರ್ ಸೇವೆ ಅಂದರೆ ನಿಮ್ಮ ಸ್ಪೇರ್ ಹಾಕಿಕೊಡುತ್ತಾರೆ, ಅಷ್ಟೆ. ಎಷ್ಟೋ ಮೋಟಾರ್‌ಹೋಮ್‌ಗಳಲ್ಲಿ ಸ್ಪೇರೇ ಇರೋದಿಲ್ಲ. ಹೊಸ ಟೈರ್ ತಂದುಕೊಡುವ ಪ್ಲಾನುಗಳೂ ಇವೆ, ಟೈರಿನ ದುಡ್ಡು ನಿಮ್ಮದು.
- ಮರಳಲ್ಲಿ ಕೆಸರಲ್ಲಿ ಹೂತರೆ ಎಳೆಯುತ್ತಾರಾ? ಅನೇಕ ಪ್ಲಾನುಗಳಲ್ಲಿ ಸರಿಯಾದ ರಸ್ತೆಯಿಂದ ಇಷ್ಟು ಅಡಿ ಒಳಗೆ ಮಾತ್ರ. ಕಾಡಿನ ಮಣ್ಣು ರಸ್ತೆ ಲೆಕ್ಕಕ್ಕಿಲ್ಲ.
- ಹಿಂದೆ ಕಾರು ಕಟ್ಟಿಕೊಂಡು ಹೋಗುವವರೇ, ಆ ಕಾರನ್ನೂ ತರುತ್ತಾರಾ?
- ಹೋಟೆಲ್ ಖರ್ಚು ಕೊಡುತ್ತೇವೆ ಅನ್ನೋದು ಕೆಲವು ಕಡೆ ಅಪಘಾತವಾದರೆ ಮಾತ್ರ, ಅದೂ ಮನೆಯಿಂದ ನೂರು ಮೈಲಿ ಆಚೆ. ಬರೀ ಕೆಟ್ಟು ನಿಂತರೆ ಇಲ್ಲ.
- ಇವತ್ತು ಸೇರಿ ಇವತ್ತೇ ಕರೆದರೆ ಬರೋದಿಲ್ಲ. ಸೇವೆ ಶುರುವಾಗಲು ಕಾಯಬೇಕಾದ ಅವಧಿ ಎಷ್ಟು?
- ಮೊದಲ ವರ್ಷದ ರೇಟು ಬೇರೆ, ತಾನಾಗಿಯೇ ರಿನ್ಯೂ ಆಗುವ ಎರಡನೇ ವರ್ಷದ್ದು ಬೇರೆ.

ಒಂದೆರಡು ದಿನಕ್ಕೆ ಬಾಡಿಗೆಗೆ ತೆಗೆದುಕೊಳ್ಳುವವರು ಬೇರೆ ಪ್ಲಾನ್ ಕೊಳ್ಳುವ ಮೊದಲು ಬಾಡಿಗೆಯವರೇ ಏನು ಕೊಡುತ್ತಾರೆ ಅಂತ ಬರಹದಲ್ಲಿ ಕೇಳಿ. ಬಾಯಿಮಾತು ಬೇಡ.

ಈಗ ಎದುರು ವಾದ. "ಇಷ್ಟೆಲ್ಲ ತಲೆನೋವು ಯಾಕೆ? ಪ್ಲಾನೇ ಬೇಡ, ಆ ದುಡ್ಡನ್ನು ಬ್ಯಾಂಕಿನಲ್ಲಿಟ್ಟು, ಕೆಟ್ಟಾಗ ಕೊಟ್ಟರಾಯಿತು" ಅನ್ನುವ ಲೆಕ್ಕಾಚಾರದ ಗೆಳೆಯರು ನನಗಿದ್ದಾರೆ. ಕಾರಿಗೆ ಈ ಮಾತು ಒಪ್ಪುತ್ತೇನೆ. ಆರು ಟನ್ನಿನ ಗಾಡಿಗೆ ಒಪ್ಪೋದಿಲ್ಲ. ಒಂದು ಟೋ ನನಗೆ 1,350 ಡಾಲರ್ ಆಯ್ತು, ಅದೂ ಎರಡು ಊರುಗಳ ನಡುವೆ. ದುಡ್ಡು ಬಿಡಿ. ಗುಡ್ಡದ ಮೇಲೆ ಒಂದು ಕಡ್ಡಿ ಸಿಗ್ನಲ್‌ನಲ್ಲಿ, ಯಾವ ಊರಿನಲ್ಲಿ ಯಾರ ಹತ್ತಿರ ದೊಡ್ಡ ರೆಕ್ಕರ್ ಇದೆ ಅಂತ ಹುಡುಕುವುದು ನಿಮ್ಮ ಕೈಲಾಗುತ್ತದೆಯೇ? ಒಳ್ಳೆಯ ಪ್ಲಾನಿಗೆ ನೀವು ದುಡ್ಡು ಕೊಡುವುದು ಆ ಹುಡುಕಾಟಕ್ಕೆ. ಅದನ್ನೂ ಮಾಡದ ಪ್ಲಾನು ಯಾಕೆ ಬೇಕು ಅಂತ ಕೇಳಿದರೆ, ಬೇಡವೇ ಬೇಡ ಅಂತ ನಾನೂ ಹೇಳುತ್ತೇನೆ.

ಇನ್ನೊಂದು ವಾದ ತಂತ್ರಜ್ಞಾನದ್ದು. 2023ರ ಸೆಪ್ಟೆಂಬರಿನಲ್ಲಿ ಆಪಲ್‌ನವರು ಎಎಎ ಜೊತೆ ಸೇರಿ, ಸಿಗ್ನಲ್ ಇಲ್ಲದ ಕಡೆಯಿಂದಲೂ ಐಫೋನಿನಿಂದ ಉಪಗ್ರಹದ ಮೂಲಕ ರೋಡ್‌ಸೈಡ್ ಸಹಾಯ ಕೇಳುವ ವ್ಯವಸ್ಥೆಯನ್ನು ಅಮೆರಿಕದಲ್ಲಿ ಪ್ರಕಟಿಸಿದರು. ಒಳ್ಳೆಯ ಕೆಲಸ. ಆದರೆ ಸಂದೇಶ ಆಕಾಶದಿಂದ ಹೋಗುತ್ತದೆ, ರೆಕ್ಕರ್ ರಸ್ತೆಯಿಂದಲೇ ಬರಬೇಕು. ಯಾವ ಡಿಪೋದಿಂದ?

ಕೊನೆಯದಾಗಿ ನಮ್ಮ ಜಾತಿಗೇ, ಅಂದರೆ ಸಾಫ್ಟ್‌ವೇರಿನವರಿಗೇ, ಒಂದು ಮಾತು. ಆಫೀಸಿನಲ್ಲಿ ವೆಂಡರ್ ಬಂದು 99.9 ಶೇಕಡಾ ಅಪ್‌ಟೈಮ್ ಅಂದರೆ ನಾವು ತಕ್ಷಣ ಲೆಕ್ಕ ಹಾಕುತ್ತೇವೆ, ವರ್ಷಕ್ಕೆ ಎಂಟೂ ಮುಕ್ಕಾಲು ಗಂಟೆ ಡೌನ್ ಅಂತ. ಆ ಎಂಟೂ ಮುಕ್ಕಾಲು ಗಂಟೆಗೆ ಯಾರು ಹೊಣೆ, ಮೆಂಟೆನೆನ್ಸ್ ಸಮಯ ಇದರೊಳಗೋ ಹೊರಗೋ ಅಂತ ಜಗಳ ಆಡುತ್ತೇವೆ. ಅದೇ ನಾವು ಮನೆಗೆ ಬಂದು, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮರುಭೂಮಿ ದಾಟುವ ಗಾಡಿಗೆ, ಐ ಅಗ್ರೀ ಒತ್ತಿ ಮುಂದೆ ಹೋಗುತ್ತೇವೆ. ಇನ್ನೊಬ್ಬರ ದುಡ್ಡಿಗೆ ಅಷ್ಟು ಎಚ್ಚರ, ನಮ್ಮವರ ಜೀವಕ್ಕೆ ಇಷ್ಟು ಉಡಾಫೆ. ಇದಕ್ಕೆ ಏನನ್ನಬೇಕು, ನೀವೇ ಹೇಳಿ.

ಊರಿನಲ್ಲಿರುವವರು ಇದು ನಮಗಲ್ಲ ಅಂದುಕೊಳ್ಳಬೇಡಿ. ಈಗ ಅಲ್ಲೂ ಕಾರಿನ ಪಾಲಿಸಿ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ಮಾರುತ್ತಾರೆ. ಚಾರ್ಮಾಡಿಯಲ್ಲಿ ಮಳೆಗಾಲದ ರಾತ್ರಿ ಹನ್ನೊಂದಕ್ಕೆ ಎಲ್ಲಿಂದ ಬರ್ತೀರಿ, ಎಷ್ಟು ಕಿಲೋಮೀಟರ್ ಎಳೀತೀರಿ ಅಂತ ಈಗಲೇ ಫೋನ್ ಮಾಡಿ ಕೇಳಿ ನೋಡಿ. ಮಜಾ ಇರುತ್ತೆ :)

ಈಲಿಯಲ್ಲಿ ಪಂಪ್ ಹಾಕಿಸಲು ಎರಡು ದಿನ ಹಿಡಿಯಿತು. ಆ ಎರಡು ದಿನ ಅಪ್ಪ ಗ್ಯಾರೇಜಿನ ಹೊರಗೆ ಕುರ್ಚಿ ಹಾಕಿಕೊಂಡು, ಗಾಡಿಯ ಒಂದೊಂದೇ ಭಾಗವನ್ನು ತಪಾಸಣೆ ಮಾಡಿದರು. ಹಿಂದೆ ನೇತು ಹಾಕಿದ್ದ ಸ್ಪೇರ್ ಟೈರ್ ನೋಡಿ ನನ್ನನ್ನು ಕರೆದರು. ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ 3107. ಅಂದರೆ 2007ರ 31ನೇ ವಾರ ತಯಾರಾದದ್ದು. ಒಂದು ಮೈಲಿಯೂ ಓಡಿಲ್ಲ, ಗುಂಡಿಗಳು ಹೊಸದರಂತೆ ಇವೆ, ಆದರೆ ರಬ್ಬರು ಹದಿನಾರು ವರ್ಷದ ಮುದುಕ. ಕೈಯಿಂದ ಒತ್ತಿದರೆ ಬಿರುಕು. "ಇದನ್ನ ನಂಬ್ಕೊಂಡು ಬಂದಿದ್ಯಲ್ಲೋ" ಅಂದರು. ಬೈಯಲಿಲ್ಲ, ಅಷ್ಟೇ ಅಂದರು. ಪ್ಲಾನೂ ಹಾಗೇ ಇತ್ತು. ಹೊರಗಿನಿಂದ ಹೊಸದು, ಒತ್ತಿ ನೋಡುವವರೆಗೆ.

ಈಗ ಪ್ರತಿ ಸಲ ಹೊರಡುವ ಮೊದಲು ಹಾಸನಕ್ಕೆ ಫೋನ್ ಮಾಡುತ್ತೇನೆ. ಅಪ್ಪ ಟೈರ್ ಗಾಳಿ, ಕೂಲಂಟ್, ಬೆಲ್ಟು ಎಲ್ಲಾ ಕೇಳುತ್ತಾರೆ. ಕೊನೆಗೆ ದಾರಿ ಕೇಳುತ್ತಾರೆ. ಆಮೇಲೆ ಆ ಪ್ರಶ್ನೆ. ಈಗ ನನ್ನ ಹತ್ತಿರ ಉತ್ತರ ಇರುತ್ತದೆ. ಊರಿನ ಹೆಸರು, ದೊಡ್ಡ ರೆಕ್ಕರ್ ಇಟ್ಟುಕೊಂಡವನ ನಂಬರ್, ಎಲ್ಲಾ ಒಂದು ಹಾಳೆಯಲ್ಲಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿರುತ್ತೇನೆ. ಓದಿ ಹೇಳಿದ ಮೇಲೆ "ಸರಿ, ಹೊರಡು" ಅನ್ನುತ್ತಾರೆ.

ನಿಮ್ಮ ಗಾಡಿ ಎಲ್ಲಾದರೂ ಹೀಗೆ ನಿಂತಿದ್ದರೆ, ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಕೆಳಗೆ ಬರೆಯಿರಿ. ನಾಲ್ಕು ಜನರಿಗೆ ಉಪಯೋಗ ಆಗುತ್ತದೆ.